ಮಣ್ಣು ಹಾರಿ ರಾಜಧಾನಿಗೆ ಬಂತು

ರೈತ ಬಾಂಧವರೇ, ಹೊಲದ ಮೇಲ್ಮಣ್ಣು ಗಾಳಿಗೆದ್ದು ಎರಡು ಸಾವಿರ ಕಿಲೋಮೀಟರಿನಾಚೆ ಬೀಳುವುದೆಂದರೆ ನಂಬುತ್ತೀರಾ? ಅಮೆರಿಕದಲ್ಲಿ 1934ರ ಮೇ ತಿಂಗಳಲ್ಲಿ ಹಾಗೇ ಆಯಿತು. ನಡುನಾಡಿನ ಬಯಲಿನ ದೂಳು ನ್ಯೂಯಾರ್ಕ್, ವಾಷಿಂಗ್ಟನ್ ನಗರಗಳನ್ನು ಕವಿಯಿತು. ಕಡಲ ಮೇಲಿನ ಹಡಗುಗಳನ್ನೂ ಬಿಡಲಿಲ್ಲ.

ಆ ಬಯಲು ಮೊದಲು ಹುಲ್ಲುಗಾವಲು; ಹುಲ್ಲಿನ ಬೇರು ಮಣ್ಣನ್ನು ಬಿಗಿಹಿಡಿದಿತ್ತು. ಮೊದಲನೆಯ ಮಹಾಯುದ್ಧದಲ್ಲಿ ಗೋಧಿಯ ಬೆಲೆ ಏರಿತು ನೋಡಿ, ಹುಲ್ಲನ್ನೆಲ್ಲ ಉತ್ತು ಮಗುಚಿದರು. ಆಮೇಲೆ ಬೆಲೆ ಬಿತ್ತು. ಸಾಲ ತೀರಿಸಲು ಟ್ರ್ಯಾಕ್ಟರ್ ಹೂಡಿ ಇನ್ನಷ್ಟು ಉತ್ತರು. 1930ರ ದಶಕದಲ್ಲಿ ಮಳೆ ಕೈಕೊಟ್ಟಿತು. ಪೈರಿಲ್ಲದ ಬರಿ ಮಣ್ಣು ಮೇಲೆದ್ದಿತು. ತಪ್ಪೆಲ್ಲ ರೈತನದೇ ಎನ್ನಲಾರೆ. ಗೋಧಿ ಬೆಳೆಯಿರಿ ಎಂದು ಯುದ್ಧಕಾಲದಲ್ಲಿ ಹುರಿದುಂಬಿಸಿದ್ದು ಸರಕಾರವೇ ಅಲ್ಲವೆ?

ಹ್ಯೂ ಬೆನೆಟ್ ಎಂಬ ಮಣ್ಣಿನ ವಿಜ್ಞಾನಿ ವರ್ಷಗಟ್ಟಲೆ ಎಚ್ಚರಿಸುತ್ತಲೇ ಇದ್ದರು. ದೂಳು ಕಿಟಕಿಗೆ ಬಡಿದ ಮೇಲೆ ದೊರೆಗಳಿಗೆ ಕಿವಿ ಬಂತು! 1935ರ ಏಪ್ರಿಲ್ 14, ಭಾನುವಾರ, ಬಯಲುನಾಡಿನಲ್ಲಿ ಹಗಲೇ ಕಗ್ಗತ್ತಲಾಯಿತು. ಅದೇ ತಿಂಗಳ 27ರಂದು ಮಣ್ಣಿನ ಸಂರಕ್ಷಣೆಯ ಕಾಯಿದೆಗೆ ಸಹಿ ಬಿತ್ತು.

ಆದರೆ ಗಾಳಿಗೆ ಗಡಿಕಲ್ಲು ತಿಳಿಯುತ್ತದೆಯೆ? ನೀವೊಬ್ಬರೇ ಜೋಪಾನ ಮಾಡಿದರೆ ಪಕ್ಕದವನ ಮಣ್ಣು ಬಂದು ನಿಮ್ಮ ಪೈರನ್ನು ಮುಚ್ಚುತ್ತದೆ. ಅದಕ್ಕೇ 1937ರಲ್ಲಿ ಅಧ್ಯಕ್ಷ ರೂಸ್‌ವೆಲ್ಟ್ ರಾಜ್ಯಗಳಿಗೆ ಮಾದರಿ ಕಾನೂನೊಂದನ್ನು ಕಳಿಸಿದರು. ಅದರಂತೆ ರೈತರೇ ಒಟ್ಟುಗೂಡಿ ಮಣ್ಣಿನ ಸಂರಕ್ಷಣಾ ಜಿಲ್ಲೆಗಳನ್ನು ಕಟ್ಟಿಕೊಂಡರು. ಇಳಿಜಾರಿಗೆ ಅಡ್ಡ ಉಳುಮೆ, ಪಟ್ಟೆ ಪಟ್ಟೆಯಾಗಿ ಬೆಳೆ, ಗಾಳಿ ತಡೆಯಲು ಮರದ ಸಾಲು ಬಂದವು. 1942ರ ಹೊತ್ತಿಗೆ ನೆಟ್ಟ ಗಿಡಗಳೇ 20 ಕೋಟಿಗೂ ಹೆಚ್ಚು.

ಎರಡನೆಯ ಯುದ್ಧದಲ್ಲಿ ಗೋಧಿಗೆ ಮತ್ತೆ ಬೆಲೆ ಬಂತು. ಹುಲ್ಲು ಮಗುಚಿದವರು ಆಗಲೂ ಇದ್ದರು. 1950ರ ದಶಕದ ಬರದಲ್ಲಿ ಅಲ್ಲಿ ದೂಳು ಮತ್ತೆ ಎದ್ದಿತು.