ಬಳಸಿದ ಎಲೆಕ್ಟ್ರಿಕ್ ಇಂಜೆಕ್ಷನ್ ಮೋಲ್ಡಿಂಗ್ ಯಂತ್ರಗಳ ಖರೀದಿ: ಉದ್ದಿಮೆದಾರರಿಗೆ ಮಾಹಿತಿ

ಬೀದರ್ ನಗರ, ಭಾಲ್ಕಿ ಹಾಗೂ ಔರಾದ್‌ಗಳಲ್ಲಿ ಪ್ಲಾಸ್ಟಿಕ್ ಬಿಡಿಭಾಗ, ಮುಚ್ಚಳ ಮುಂತಾದವುಗಳ ತಯಾರಿಕಾ ಘಟಕಕ್ಕಾಗಿ ಬಳಸಿದ ಯಂತ್ರ ಖರೀದಿಸುವವರು ಮುಂಗಡ ಹಣ ಪಾವತಿಸುವ ಮುನ್ನ ಈ ಕೆಳಕಂಡ ಅಂಶಗಳನ್ನು ಗಮನಿಸತಕ್ಕದ್ದು.

1. ಯಂತ್ರದ ಪರಿಶೀಲನೆ
ಈ ಯಂತ್ರಗಳು ಹೈಡ್ರಾಲಿಕ್ ಎಣ್ಣೆಯ ಒತ್ತಡದ ಬದಲು ಸರ್ವೋ ಮೋಟಾರ್ ಹಾಗೂ ಬಾಲ್ ಸ್ಕ್ರೂಗಳಿಂದ ಚಲಿಸುವುದರಿಂದ ವಿದ್ಯುತ್ ಬಳಕೆ ಕಡಿಮೆ. ಆದರೆ ಬಾಲ್ ಸ್ಕ್ರೂ ಸವೆದಿದ್ದಲ್ಲಿ ಅಥವಾ ಸರ್ವೋ ಡ್ರೈವ್‌ನ ಬಿಡಿಭಾಗಗಳು ದೊರೆಯದಿದ್ದಲ್ಲಿ, ದುರಸ್ತಿ ವೆಚ್ಚವು ಬೆಲೆಯಲ್ಲಿ ಆದ ಉಳಿತಾಯವನ್ನು ಮೀರಬಹುದು. ತಮ್ಮ ಅಚ್ಚನ್ನೇ ಅಳವಡಿಸಿ, ಹಲವು ಗಂಟೆ ಚಾಲನೆ ಮಾಡಿಸಿ ನೋಡುವುದು ಸೂಕ್ತ.

2. ದಾಖಲೆಗಳು
ಮೂಲ ಖರೀದಿ ಬಿಲ್ಲು, ಯಂತ್ರದ ಕ್ರಮಸಂಖ್ಯೆ ನಮೂದಿಸಿದ ಮಾರಾಟ ಬಿಲ್ಲು ಹಾಗೂ ಮಾರಾಟಗಾರರ ಬ್ಯಾಂಕಿನಿಂದ ಬೇಬಾಕಿ ಪ್ರಮಾಣಪತ್ರ ಪಡೆಯತಕ್ಕದ್ದು. ಯಂತ್ರವು ಸಾಲಕ್ಕೆ ಆಧಾರವಾಗಿದ್ದಲ್ಲಿ ಬ್ಯಾಂಕು ಅದರ ಮೇಲೆ ಹಕ್ಕು ಸಾಧಿಸುವ ಸಂಭವವಿರುತ್ತದೆ.

3. ಉದ್ಯಮ್ ನೋಂದಣಿ
ನೋಂದಣಿ ಉಚಿತ. ಆದಾಯ ತೆರಿಗೆ ವಿವರಪಟ್ಟಿ ಸಲ್ಲಿಸದ ಹೊಸ ಉದ್ದಿಮೆಗಳಿಗೆ, ಬಳಸಿದ ಯಂತ್ರವಾದರೂ ಜಿಎಸ್‌ಟಿ ಹೊರತುಪಡಿಸಿದ ಖರೀದಿ ಬಿಲ್ಲಿನ ಮೊತ್ತವನ್ನೇ ಹೂಡಿಕೆಯೆಂದು ಪರಿಗಣಿಸಲಾಗುವುದು. 1-4-2025ರಿಂದ ಕಿರು ಉದ್ದಿಮೆಯ ಮಿತಿ: ಹೂಡಿಕೆ ರೂ. 2.5 ಕೋಟಿ, ವಾರ್ಷಿಕ ವಹಿವಾಟು ರೂ. 10 ಕೋಟಿ.

4. ನಿಷೇಧಿತ ಉತ್ಪನ್ನಗಳು
ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್ ಚಮಚ, ಫೋರ್ಕ್, ಲೋಟ, ತಟ್ಟೆಗಳ ತಯಾರಿಕೆ 1-7-2022ರಿಂದ ದೇಶದಾದ್ಯಂತ ನಿಷೇಧಿತ. ಇವುಗಳ ಅಚ್ಚಿನೊಂದಿಗೆ ಅಗ್ಗವಾಗಿ ಸಿಗುವ ಯಂತ್ರಗಳ ಬಗ್ಗೆ ಎಚ್ಚರ ವಹಿಸುವುದು.

5. ಸಹಾಯಧನ
ಎಲ್ಲ ಯೋಜನೆಗಳೂ ಬಳಸಿದ ಯಂತ್ರಗಳಿಗೆ ಅನ್ವಯಿಸುವುದಿಲ್ಲ. ಆದ್ದರಿಂದ ಖರೀದಿಗೆ ಮುನ್ನವೇ ಬೀದರ್‌ನ ಜಿಲ್ಲಾ ಕೈಗಾರಿಕಾ ಕೇಂದ್ರವನ್ನು ಸಂಪರ್ಕಿಸಿ ಖಚಿತಪಡಿಸಿಕೊಳ್ಳುವುದು.