ಹತ್ತಿ ಚಕ್ಕಡಿಯಿಂದ ಶಾಲಾ ಪ್ರವಾಸದವರೆಗೆ: ನಮ್ಮ ಸೀಮೆಯ ಕಡಲ ದಾರಿ

ನಾನು ಒಂಬತ್ತನೆಯ ತರಗತಿಯಲ್ಲಿದ್ದಾಗ ನಮ್ಮ ಶಾಲೆಯ ಪ್ರವಾಸ ಗೋಕರ್ಣ, ಮುರ್ಡೇಶ್ವರದ ಕಡೆಗೆ ಹೋಗಿತ್ತು. ರಾತ್ರಿ ಊಟ ಮುಗಿಸಿ ಬಸ್ ಹತ್ತಿದೆವು. ಎಲ್ಲರ ಚೀಲದಲ್ಲೂ ಕಟಕ ರೊಟ್ಟಿ, ಶೇಂಗಾ ಚಟ್ನಿ. ಹುಬ್ಬಳ್ಳಿ ದಾಟಿ ಯಲ್ಲಾಪುರದ ಕಾಡು ಬರುವಾಗ ಅರ್ಧ ಬಸ್ಸು ನಿದ್ದೆಯಲ್ಲಿತ್ತು. ಅರಬೈಲ ಘಟ್ಟದ ತಿರುವುಗಳಲ್ಲಿ ಉಳಿದರ್ಧಕ್ಕೆ ವಾಂತಿ ಶುರುವಾಗಿತ್ತು. ಬೆಳಿಗ್ಗೆ ಕಡಲು ಕಂಡಾಗ ನಮ್ಮಲ್ಲಿ ಬಹಳ ಜನಕ್ಕೆ ಅದೇ ಮೊದಲು. ಎಲ್ಲರೂ ಚಪ್ಪಲಿ ಬಿಟ್ಟು ಓಡಿದರೆ, ನಮ್ಮ ಸಮಾಜ ವಿಜ್ಞಾನದ ಗುರುಗಳು ದಂಡೆಯ ಮೇಲೆ ನಿಂತು ಹೇಳಿದರು: "ತಮ್ಮಾ, ಈ ನೀರ ನಿಮ್ಮ ಮುತ್ತ್ಯಾನ ಮುತ್ತ್ಯಾ ನಿಮಗಿಂತ ಮೊದ್ಲ ನೋಡ್ಯಾನ. ಚಕ್ಕಡಿ ಹೊಡಕೊಂಡು ಬಂದಿದ್ದ." ನಾವು ನಕ್ಕುಬಿಟ್ಟೆವು.

ಅವರ ಮಾತು ಎಷ್ಟು ನಿಜವೆಂದು ನನಗೆ ತಿಳಿದದ್ದು ಬಿ.ಇ. ಮುಗಿಸಿ, ಕೆಲಸಕ್ಕೆ ಸೇರಿ, ಧಾರವಾಡ ಜಿಲ್ಲೆಯ ಹಳೆಯ ಗೆಜೆಟಿಯರ್ ಓದಿದ ಮೇಲೆ. ಗದಗ ಪ್ರತ್ಯೇಕ ಜಿಲ್ಲೆಯಾದದ್ದು 1997ರಲ್ಲಿ. ಅಲ್ಲಿಯವರೆಗೆ ನಮ್ಮ ಇತಿಹಾಸವನ್ನು ಧಾರವಾಡದ ಪುಟಗಳಲ್ಲೇ ಹುಡುಕಬೇಕು. ನಮ್ಮ ಎರೆ ಹೊಲಗಳಲ್ಲಿ ಬೆಳೆಯುತ್ತಿದ್ದ ಜವಾರಿ ಹತ್ತಿಗೆ ಪೇಟೆಯಲ್ಲಿ ಇದ್ದ ಹೆಸರು 'ಕುಮಟಾ ಹತ್ತಿ'. ಕುಮಟಾದಲ್ಲಿ ಎರೆ ಭೂಮಿಯೂ ಇಲ್ಲ, ಹತ್ತಿಯೂ ಇಲ್ಲ. ಬೆಳೆದವರು ನಾವು, ಹೆಸರು ಬಂದರಿನದು. ಗದಗ, ಹುಬ್ಬಳ್ಳಿ ಸೀಮೆಯ ಹತ್ತಿಯೆಲ್ಲ ಚಕ್ಕಡಿಗಳಲ್ಲಿ ಘಟ್ಟ ಇಳಿದು ಕುಮಟಾ ಸೇರಿ, ಅಲ್ಲಿಂದ ಹಾಯಿಹಡಗುಗಳಲ್ಲಿ ಮುಂಬಯಿಗೆ ಹೋಗುತ್ತಿತ್ತು. ಮುಂಬಯಿ ವರ್ತಕರು ಅದನ್ನು ಬಂದರಿನ ಹೆಸರಿನಿಂದಲೇ ಕರೆದರು.

ಆ ಪ್ರಯಾಣವನ್ನು ಸ್ವಲ್ಪ ಲೆಕ್ಕ ಹಾಕಿ ನೋಡೋಣ (ಕಸುಬಿನ ಚಟ, ಓದುಗರು ಕ್ಷಮಿಸಬೇಕು). ಗದಗದಿಂದ ಕುಮಟಾಕ್ಕೆ ಇನ್ನೂರು ಕಿಲೋಮೀಟರಿಗೂ ಹೆಚ್ಚು. ಹತ್ತಿ ಹೇರಿದ ಚಕ್ಕಡಿ ದಿನಕ್ಕೆ 20-25 ಕಿ.ಮೀ. ನಡೆದರೂ ಒಂದು ಕಡೆಗೇ ಎಂಟು-ಹತ್ತು ದಿನ ಬೇಕು. ಜವಾರಿ ಹತ್ತಿ ಬಿಡಿಸುವುದು ಫೆಬ್ರುವರಿಯಿಂದ ಏಪ್ರಿಲ್‌ವರೆಗೆ. ಅದನ್ನು ಅರೆದು ಬೀಜ ಬೇರೆ ಮಾಡಿ, ಕಟ್ಟಿ, ಘಟ್ಟ ಇಳಿಸುವ ಹೊತ್ತಿಗೆ ಮೇ ಬಂದಿರುತ್ತದೆ. ಜೂನ್‌ನಲ್ಲಿ ಮಳೆಗಾಲ ಹಿಡಿಯಿತೆಂದರೆ ಹಾಯಿಹಡಗುಗಳು ಕಡಲಿಗೆ ಇಳಿಯುವುದಿಲ್ಲ. ತಡವಾದ ಹತ್ತಿ ಬಂದರಿನಲ್ಲಿ ಮಳೆ ಮುಗಿಯುವತನಕ ಬಿದ್ದಿರಬೇಕು, ಸಾಲದ ಬಡ್ಡಿ ಮಾತ್ರ ನಿಲ್ಲುವುದಿಲ್ಲ. ಹೀಗಾಗಿ ನಮ್ಮವರಿಗೆ ಕಡಲೆಂದರೆ ನೋಡುವ ಜಾಗವಾಗಿರಲಿಲ್ಲ, ಗಡುವು ಆಗಿತ್ತು. ಮರಳಿ ಬರುವ ಚಕ್ಕಡಿಗಳು ಉಪ್ಪು, ತೆಂಗಿನಕಾಯಿ, ಅಡಿಕೆ ತರುತ್ತಿದ್ದವು. ಗೋಕರ್ಣದ ಮಗ್ಗುಲಿನ ಸಾಣಿಕಟ್ಟಾದಲ್ಲಿ ಇಂದಿಗೂ ಉಪ್ಪಿನ ಆಗರಗಳಿವೆ.

1861ರಿಂದ 1865ರವರೆಗೆ ಅಮೆರಿಕದಲ್ಲಿ ಅಂತರ್ಯುದ್ಧ ನಡೆದು ಅಲ್ಲಿಯ ಹತ್ತಿ ಇಂಗ್ಲೆಂಡಿಗೆ ನಿಂತುಹೋಯಿತು. ನಮ್ಮ ಹತ್ತಿಗೆ ಹಿಂದೆಂದೂ ಕಾಣದ ಬೆಲೆ ಬಂತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆಯನ್ನು ಮದರಾಸು ಪ್ರಾಂತದಿಂದ ತೆಗೆದು ಮುಂಬಯಿ ಪ್ರಾಂತಕ್ಕೆ ಸೇರಿಸಿದರು. ಹತ್ತಿ ಬೆಳೆಯುವ ಧಾರವಾಡ ಜಿಲ್ಲೆಯೂ ಅದನ್ನು ಸಾಗಿಸುವ ಕಾರವಾರ ಬಂದರೂ ಒಂದೇ ಆಡಳಿತದಲ್ಲಿರಲಿ ಎಂಬುದು ಅದರ ಹಿಂದಿನ ಮುಖ್ಯ ಕಾರಣ. ನಮ್ಮ ಹೊಲದ ಬೆಳೆಗಾಗಿ ಒಂದು ಜಿಲ್ಲೆಯ ಗಡಿಯೇ ಬದಲಾಯಿತು! ಇದು ನಮ್ಮ ಪಠ್ಯಪುಸ್ತಕದಲ್ಲಿ ಇರಲಿಲ್ಲವೆಂಬ ಬೇಸರ ನನಗೆ ಇನ್ನೂ ಇದೆ. 1884ರಲ್ಲಿ ಗದಗಕ್ಕೆ ರೈಲು ಬಂತು, ಕೆಲ ವರ್ಷಗಳಲ್ಲಿ ಮಾರ್ಮಗೋವಾ ಬಂದರಿಗೂ ಹಳಿ ಕೂಡಿತು. ಕುಮಟಾದ ಚಕ್ಕಡಿ ದಾರಿ ಸೊರಗಿತು. ಮುಂದೆ ನಮ್ಮವರು ಆ ಕಡೆಗೆ ಹೋದದ್ದು ಹೆಚ್ಚಾಗಿ ಗೋಕರ್ಣದ ಯಾತ್ರೆಗೆ. ಅದರ ನಂತರ ಶಾಲಾ ಪ್ರವಾಸಕ್ಕೆ.

ಚಕ್ಕಡಿ ಹೊಡೆದವರಿಗೆ ಕಡಲಿನ ಹದ ತಿಳಿದಿತ್ತು. ಬಸ್ಸಿನಲ್ಲಿ ಹೋದ ನಮಗೆ ಅದು ತಿಳಿದಿರಲಿಲ್ಲ.

ಆ ಪ್ರವಾಸದಲ್ಲೇ ನನ್ನ ಗೆಳೆಯನೊಬ್ಬ ಮೊಣಕಾಲುದ್ದ ನೀರಿನಲ್ಲಿ ನಿಂತವನು ಕಣ್ಣೆದುರೇ ಜಾರಿ ಒಳಕ್ಕೆ ಸರಿದ. ಅವನು ತುಂಗಭದ್ರೆಯಲ್ಲಿ ಈಜು ಕಲಿತವನು, ಸೆಳವು ಗೊತ್ತಿದ್ದವನು. ದಂಡೆಯಲ್ಲಿ ಬಲೆ ಬಿಡಿಸುತ್ತಿದ್ದ ಮೀನುಗಾರರೊಬ್ಬರು ಹಾರಿ ತೋಳು ಹಿಡಿದು ಎಳೆದು ತಂದರು. ಅವರ ಹೆಸರನ್ನೂ ನಾವು ಕೇಳಲಿಲ್ಲ. 2024ರ ಡಿಸೆಂಬರ್‌ನಲ್ಲಿ ಕೋಲಾರ ಜಿಲ್ಲೆಯ ವಸತಿ ಶಾಲೆಯೊಂದರಿಂದ ಪ್ರವಾಸ ಬಂದ ನಾಲ್ವರು ವಿದ್ಯಾರ್ಥಿನಿಯರು ಮುರ್ಡೇಶ್ವರದಲ್ಲಿ ನೀರುಪಾಲಾದ ಸುದ್ದಿ ಓದಿದ ದಿನ ನನಗೆ ಆ ಮೀನುಗಾರರ ಕೈ ನೆನಪಾಯಿತು.

ನದಿಯ ಸೆಳವು ಒಂದೇ ದಿಕ್ಕಿಗೆ ಹರಿಯುತ್ತದೆ, ಕಣ್ಣಿಗೂ ಕಾಣುತ್ತದೆ. ಕಡಲಿನದು ಹಾಗಲ್ಲ. ಅಲೆಗಳು ದಂಡೆಗೆ ತಂದು ಸುರಿದ ನೀರು ಹಿಂದಿರುಗಲು ಒಂದು ಇಕ್ಕಟ್ಟಾದ ದಾರಿ ಮಾಡಿಕೊಂಡು ರಭಸದಿಂದ ಒಳಕ್ಕೆ ನುಗ್ಗುತ್ತದೆ. ಆ ದಾರಿಯಲ್ಲಿ ಅಲೆ ಒಡೆಯುವುದು ಕಡಿಮೆ, ಆದ್ದರಿಂದ ಬಯಲುಸೀಮೆಯವರ ಕಣ್ಣಿಗೆ ಅದೇ ಶಾಂತವಾದ, ಸುರಕ್ಷಿತ ಜಾಗದಂತೆ ಕಾಣುತ್ತದೆ. ಸಿಕ್ಕಿಬಿದ್ದವರು ನೇರ ದಂಡೆಗೆ ಈಜಲು ಹೋಗಿ ಸೋಲುತ್ತಾರೆ. ದಂಡೆಗೆ ಸಮಾನಾಂತರವಾಗಿ ಅಡ್ಡಕ್ಕೆ ಈಜಿದರೆ ಸೆಳೆತದಿಂದ ಹೊರಬರಬಹುದು. ಪ್ರವಾಸಕ್ಕೆ ಹೊರಡುವ ಮುನ್ನ ಕಪ್ಪು ಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಕಲಿಸಬಹುದಾದ ಪಾಠವಿದು.

ಹಾಗೆಂದು ಕಡಲಿಗೆ ಹೋಗುವುದೇ ಬೇಡ ಎನ್ನುವವರ ಪೈಕಿ ನಾನಲ್ಲ. ನೀರಿಗೆ ಇಳಿಯದೆಯೂ ಅಲ್ಲಿ ಮಾಡುವುದು ಬೇಕಾದಷ್ಟಿದೆ. ಗೋಕರ್ಣದ ಕುಡ್ಲೆ ತೀರದಿಂದ ಓಂ ತೀರಕ್ಕೆ ಗುಡ್ಡದ ಮೇಲಿನ ಕಾಲುದಾರಿಯಲ್ಲಿ ನಡೆದು ಹೋಗಬಹುದು. ಮಿರ್ಜಾನಿನ ಕೋಟೆ ಹೆದ್ದಾರಿಯ ಹತ್ತಿರವೇ ಇದೆ. ಎಲ್ಲಕ್ಕಿಂತ ನನಗೆ ಹಿಡಿಸಿದ್ದು ಅಘನಾಶಿನಿ ನದಿ ಕಡಲು ಸೇರುವ ಅಳಿವೆ. ಇಳಿತದ ಹೊತ್ತಿಗೆ ನೀರು ಸರಿದು ಕೆಸರಿನ ಬಯಲು ತೆರೆದುಕೊಳ್ಳುತ್ತದೆ. ಹೆಂಗಸರು, ಗಂಡಸರು ಸೊಂಟ ಬಗ್ಗಿಸಿ ಚಿಪ್ಪಿಕಲ್ಲು ಆಯುತ್ತಾರೆ. ಅಂಚಿನಲ್ಲಿ ಕಾಂಡ್ಲಾ ಗಿಡಗಳ ಬೇರು ನೀರಿನಿಂದ ಮೇಲೆದ್ದು ನಿಂತಿರುತ್ತವೆ. ಪಕ್ಕದ ಗಜನಿ ಭೂಮಿಯಲ್ಲಿ ಉಪ್ಪುನೀರನ್ನು ತಡೆದುಕೊಳ್ಳುವ ಕಗ್ಗ ಎಂಬ ಭತ್ತ ಬೆಳೆಯುತ್ತಾರೆ. ಸವುಳು ನೆಲದಲ್ಲಿ ಏನೂ ಬರುವುದಿಲ್ಲ ಎಂದು ಕೈಬಿಡುವ ನಮ್ಮ ಕಡೆಯ ರೈತರಿಗೆ ಇದನ್ನು ತೋರಿಸಬೇಕು.

ಈ ಅಳಿವೆಗೂ ನಮ್ಮ ಸೀಮೆಗೂ ಈಗ ಹೊಸದೊಂದು ನಂಟು ಬೆಳೆದಿದೆ. 1971ರ ಫೆಬ್ರುವರಿ 2ರಂದು ಇರಾನಿನ ರಾಮ್ಸಾರ್ ಎಂಬ ಊರಿನಲ್ಲಿ ಜೌಗುಭೂಮಿಗಳನ್ನು ಉಳಿಸುವ ಅಂತರರಾಷ್ಟ್ರೀಯ ಒಪ್ಪಂದವಾಯಿತು. ಅದೂ ಕ್ಯಾಸ್ಪಿಯನ್ ಸಮುದ್ರದ ದಂಡೆಯ ಊರೇ. 2024ರ ಜನವರಿ ಕೊನೆಯಲ್ಲಿ ಆ ಪಟ್ಟಿಗೆ ಕರ್ನಾಟಕದ ಮೂರು ತಾಣಗಳು ಒಟ್ಟಿಗೆ ಸೇರಿದವು: ವಿಜಯನಗರ ಜಿಲ್ಲೆಯ ಅಂಕಸಮುದ್ರ, ಅಘನಾಶಿನಿ ಅಳಿವೆ ಮತ್ತು ನಮ್ಮ ಶಿರಹಟ್ಟಿ ತಾಲೂಕಿನ ಮಾಗಡಿ ಕೆರೆ. (ಬೆಂಗಳೂರಿನ ನನ್ನ ಸಹೋದ್ಯೋಗಿಗಳು ಇದನ್ನು ತಮ್ಮ ಮಾಗಡಿ ಎಂದು ತಿಳಿದು ಅಭಿನಂದನೆ ಹಂಚಿಕೊಂಡರು!) ಅಳಿವೆ 4,801 ಹೆಕ್ಟೇರ್, ನಮ್ಮ ಕೆರೆ ಸುಮಾರು 54. ಆದರೂ ಪಟ್ಟಿಯಲ್ಲಿ ಎರಡಕ್ಕೂ ಒಂದೇ ಮಣೆ.

ಶಿರಹಟ್ಟಿಯಿಂದ ಎಂಟು ಕಿ.ಮೀ. ದೂರದ ಈ ಕೆರೆ ಕಟ್ಟಿದ್ದು ಬೇಸಾಯದ ನೀರಿಗೆ, ಹಕ್ಕಿಗಳಿಗಲ್ಲ. ಈಗ ಅಲ್ಲಿ 166 ಬಗೆಯ ಹಕ್ಕಿಗಳು ದಾಖಲಾಗಿವೆ, ಅದರಲ್ಲಿ 130 ವಲಸೆ ಬರುವವು. ಚಳಿಗಾಲದಲ್ಲಿ ಸುಮಾರು 8,000 ಹಕ್ಕಿಗಳು ಸೇರುತ್ತವೆ. ಮುಖ್ಯವಾದದ್ದು ತಲೆಯ ಮೇಲೆ ಎರಡು ಕಪ್ಪು ಪಟ್ಟೆಯಿರುವ ಹೆಬ್ಬಾತು. ಮಂಗೋಲಿಯಾ, ಟಿಬೆಟ್ ಕಡೆ ಮರಿ ಮಾಡಿ, ಹಿಮಾಲಯ ದಾಟಿ ದಕ್ಷಿಣಕ್ಕೆ ಬರುವ ಹಕ್ಕಿಯಿದು. 7,000 ಮೀಟರಿಗೂ ಎತ್ತರದಲ್ಲಿ ಹಾರಿದ್ದನ್ನು ವಿಜ್ಞಾನಿಗಳು ಅಳೆದಿದ್ದಾರೆ. ಹಗಲು ನೀರಿನಲ್ಲಿದ್ದು, ಹೊತ್ತು ಮುಳುಗುತ್ತಲೇ ಸುತ್ತಲಿನ ಶೇಂಗಾ, ಕಡಲೆ ಹೊಲಗಳಿಗೆ ಮೇಯಲು ಇಳಿಯುತ್ತವೆ. ನಷ್ಟ ಯಾರಿಗೆ ಎಂದು ಬೇರೆ ಹೇಳಬೇಕಿಲ್ಲ. ಪ್ರವಾಸಿಗರು ಫೋಟೊ ತೆಗೆದು ಹೋಗುತ್ತಾರೆ, ಬೆಳೆ ಕಳೆದುಕೊಂಡರೂ ಹಕ್ಕಿಗೆ ಕಲ್ಲು ಬೀಸದ ರೈತನ ಹೆಸರು ಯಾವ ಪಟ್ಟಿಯಲ್ಲೂ ಇಲ್ಲ. ಕಪ್ಪತಗುಡ್ಡದ ಬಗ್ಗೆ ಬರೆಯುವವರು ಬಹಳ ಜನರಿದ್ದಾರೆ, ಈ ರೈತರ ಬಗ್ಗೆಯೂ ಯಾರಾದರೂ ಬರೆಯಬೇಕು.

ಕಳೆದ ಸಲ ಊರಿಗೆ ಬಂದಾಗ ಈಗಿನ ಗುರುಗಳೊಂದಿಗೆ ಮಾತನಾಡುತ್ತ ಒಂದು ವಿಚಾರ ಮುಂದಿಟ್ಟೆ. ಜನವರಿಯ ಒಂದು ನಸುಕಿನಲ್ಲಿ ಮಕ್ಕಳನ್ನು ಮಾಗಡಿ ಕೆರೆಗೆ ಕರೆದೊಯ್ಯುವುದು, ದಂಡೆಯ ಹೊಲದವರನ್ನೇ ಮಾತನಾಡಿಸುವುದು. ಅದೇ ತಿಂಗಳಲ್ಲಿ ಅಘನಾಶಿನಿಗೆ ಹೋಗಿ, ಇಳಿತದ ಹೊತ್ತಿಗೆ ಚಿಪ್ಪಿಕಲ್ಲು ಆಯುವವರ ಜೊತೆ ನಿಲ್ಲುವುದು. ದಾರಿಯಲ್ಲಿ ಅರಬೈಲ ಘಟ್ಟದಲ್ಲಿ ಒಮ್ಮೆ ಬಸ್ ನಿಲ್ಲಿಸಿ ಚಕ್ಕಡಿಗಳ ಕಥೆ ಹೇಳುವುದು. ಗುರುಗಳು ಒಪ್ಪಿದರು, "ಇಳಿತ ಯಾವಾಗಂತ ನಮಗ ಹ್ಯಾಂಗ ತಿಳೀಬೇಕ್ರಿ?" ಎಂದು ಕೇಳಿದರು. ಉಬ್ಬರ-ಇಳಿತದ ವೇಳೆ ಮೊದಲೇ ಲೆಕ್ಕ ಹಾಕಿ ಪ್ರಕಟಿಸಿರುತ್ತಾರೆ. ಪ್ರವಾಸದ ದಿನಾಂಕ ತಿಳಿಸಿದರೆ ಆ ವಾರದ ಪಟ್ಟಿಯನ್ನು ಕನ್ನಡದಲ್ಲಿ ಮುದ್ರಿಸಿ ಶಾಲೆಗೆ ಕಳಿಸುತ್ತೇನೆಂದು ಒಪ್ಪಿಕೊಂಡು ಬಂದಿದ್ದೇನೆ.