ಉದ್ದನೆಯ ಹುಡುಗನಿಗೆ ಏನು ಕಲಿಸಬೇಕು?

ಬಜರ್‌ಬೀಟರ್ ಅಂತ ಒಂದು ಆನ್‌ಲೈನ್ ಆಟ ಇದೆ, 2007ರಲ್ಲಿ ಶುರುವಾದದ್ದು. ಇದರಲ್ಲಿ ನೀವು ಚೆಂಡು ಮುಟ್ಟುವುದಿಲ್ಲ, ಒಂದು ಬ್ಯಾಸ್ಕೆಟ್‌ಬಾಲ್ ತಂಡದ ಯಜಮಾನಿಕೆ ಮಾಡುತ್ತೀರಿ. ಸುದ್ದಿ ಕಳಿಸಿ ಮುಗಿದ ಮೇಲೆ ರಾತ್ರಿ ಇದನ್ನು ಆಡುವವರು ನಮ್ಮ ಬಳಗದಲ್ಲೂ ಇದ್ದೇವೆ. ಇದರ ತಲೆನೋವು ಒಂದೇ: ವಾರಕ್ಕೆ ಒಂದೇ ಕೌಶಲದ ತರಬೇತಿ. ಚೆಂಡಿನ ಹಿಡಿತ ಕಲಿಸಿದರೆ ಆ ವಾರ ರಿಬೌಂಡ್ ಇಲ್ಲ. ತರಬೇತಿಗೆ ಆರಿಸಿದ ಸ್ಥಾನದಲ್ಲಿ ವಾರಕ್ಕೆ 48 ನಿಮಿಷ ಆಡಿದವನಿಗೆ ಮಾತ್ರ ಪೂರ್ತಿ ಫಲ. ವಯಸ್ಸಾದಂತೆ ಕಲಿಕೆ ನಿಧಾನ. ಎತ್ತರದವನಿಗೆ ರಿಂಗಿನ ಕೆಳಗಿನ ಕೆಲಸ ಬೇಗ ಹತ್ತುತ್ತದೆ, ಚೆಂಡಿನ ಹಿಡಿತ ತಡವಾಗಿ.

ಇದು ಬರೀ ಆಟದ ಲೆಕ್ಕವಲ್ಲ. ರಾಜಾಜಿನಗರ, ಬಸವೇಶ್ವರನಗರ, ವಿಜಯನಗರ, ಕೆಂಗೇರಿಯ ಶಾಲೆಗಳ ಪಿ.ಟಿ. ಮೇಷ್ಟ್ರ ಮುಂದೆಯೂ ಇದೇ ಪ್ರಶ್ನೆ ಇದೆ. ಹನ್ನೆರಡು ವರ್ಷದ ಉದ್ದನೆಯ ಹುಡುಗ ಬಂದ. ಅವನನ್ನು ರಿಂಗಿನ ಕೆಳಗೆ ನಿಲ್ಲಿಸುವುದೋ, ಚೆಂಡು ಕೊಟ್ಟು ಓಡಿಸುವುದೋ? ಇದಕ್ಕೆ ಉತ್ತರ ಹುಡುಕಲು ಚರಿತ್ರೆಯನ್ನು ಸ್ವಲ್ಪ ತಿರುವಿ ಹಾಕಬೇಕು.

1891ರ ಡಿಸೆಂಬರ್. ಅಮೆರಿಕದ ಸ್ಪ್ರಿಂಗ್‌ಫೀಲ್ಡ್‌ನಲ್ಲಿ ವೈಎಂಸಿಎ ತರಬೇತಿ ಶಾಲೆಯ ಶಿಕ್ಷಕ ಜೇಮ್ಸ್ ನೈಸ್ಮಿತ್, ಚಳಿಗಾಲದಲ್ಲಿ ಒಳಗೇ ಆಡಬಹುದಾದ ಆಟವೊಂದನ್ನು ಕಟ್ಟಿದರು. ಹತ್ತು ಅಡಿ ಎತ್ತರದಲ್ಲಿ ಪೀಚ್ ಹಣ್ಣಿನ ಬುಟ್ಟಿ, ಕಡೆಗೆ ಒಂಬತ್ತು ಜನ, ಒಟ್ಟು 13 ನಿಯಮ. ಚೆಂಡು ಹಿಡಿದು ಓಡುವ ಹಾಗಿಲ್ಲ. ಡ್ರಿಬ್ಲಿಂಗ್ ಎನ್ನುವ ಮಾತೇ ಆ ನಿಯಮಗಳಲ್ಲಿ ಇರಲಿಲ್ಲ. ಹಾಗಾಗಿ ಮೊದಲ ಆಟಗಾರರಿಗೆ ಬೇಕಾದದ್ದು ಎರಡೇ ವಿದ್ಯೆ: ಪಾಸ್ ಕೊಡುವುದು, ಬುಟ್ಟಿಗೆ ಎಸೆಯುವುದು. ಸಿಕ್ಕಿಹಾಕಿಕೊಂಡ ಆಟಗಾರರು ಚೆಂಡನ್ನು ನೆಲಕ್ಕೆ ಕುಟ್ಟಿ ತಪ್ಪಿಸಿಕೊಳ್ಳತೊಡಗಿದಾಗ ಡ್ರಿಬ್ಲಿಂಗ್ ಹುಟ್ಟಿತು.

ಭಾರತಕ್ಕೂ ಈ ಆಟ ಬಂದದ್ದು ವೈಎಂಸಿಎ ಮೂಲಕವೇ. 1920ರಲ್ಲಿ ಹ್ಯಾರಿ ಕ್ರೋ ಬಕ್ ಮದ್ರಾಸಿನಲ್ಲಿ ದೈಹಿಕ ಶಿಕ್ಷಣ ಶಾಲೆ ತೆರೆದರು. ಅಲ್ಲಿ ಕಲಿತು ಹೊರಬಿದ್ದ ಶಿಕ್ಷಕರ ಜೊತೆ ಈ ಆಟವೂ ಶಾಲೆಗಳಿಗೆ ಹರಡಿತು.

ಏನು ಕಲಿಸಬೇಕು ಎಂಬುದನ್ನು ನೆಲವೂ ತೀರ್ಮಾನಿಸುತ್ತದೆ. 1936ರ ಬರ್ಲಿನ್ ಒಲಿಂಪಿಕ್ಸ್‌ನಲ್ಲಿ ಪುರುಷರ ಬ್ಯಾಸ್ಕೆಟ್‌ಬಾಲ್ ಮೊದಲ ಬಾರಿ ಪದಕದ ಆಟವಾಯಿತು. ಆಡಿಸಿದ್ದು ಬಯಲಿನಲ್ಲಿ, ಮಣ್ಣಿನ ಟೆನಿಸ್ ಅಂಕಣದ ಮೇಲೆ. ಫೈನಲ್ ದಿನ ಮಳೆ ಸುರಿಯಿತು. ಕೆಸರಿನಲ್ಲಿ ಚೆಂಡು ಪುಟಿಯಲೇ ಇಲ್ಲ. ಅಮೆರಿಕ ಕೆನಡಾವನ್ನು ಸೋಲಿಸಿದ್ದು 19-8ರಿಂದ! ಮಣ್ಣಿನಂಗಳದಲ್ಲಿ ಆಡಿದ ನಮ್ಮ ಹಳ್ಳಿ ಶಾಲೆಯ ಮಕ್ಕಳಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಸಿಮೆಂಟಿನ ಮೇಲೆ ಕೈಗೆ ವಾಪಸ್ ಬರುವ ಚೆಂಡು ಮಣ್ಣಿನ ಮೇಲೆ ಕಲ್ಲಿಗೆ ತಗುಲಿ ಎತ್ತಲೋ ಹೋಗುತ್ತದೆ.

ಇನ್ನು ನಿಯಮಗಳು. ಮೊದಮೊದಲು ಪ್ರತಿ ಅಂಕದ ನಂತರ ನಡು ಅಂಕಣದಲ್ಲಿ ಚೆಂಡು ಮೇಲೆಸೆದು ಆಟ ಶುರು ಮಾಡುತ್ತಿದ್ದರು. ಎತ್ತರದ ಸೆಂಟರ್ ಇದ್ದ ತಂಡಕ್ಕೆ ಚೆಂಡು ಮತ್ತೆ ಮತ್ತೆ ಸಿಗುತ್ತಿತ್ತು. 1930ರ ದಶಕದ ಕೊನೆಗೆ ಈ ಪದ್ಧತಿ ಹೋಯಿತು. 1954ರಲ್ಲಿ ಅಮೆರಿಕದ ಎನ್‌ಬಿಎ, 24 ಸೆಕೆಂಡಿನೊಳಗೆ ಬುಟ್ಟಿಗೆ ಎಸೆಯಲೇಬೇಕು ಎಂದಿತು. ಓಟಕ್ಕೆ ಬೆಲೆ ಬಂತು. 1984ರಲ್ಲಿ ಅಂತರರಾಷ್ಟ್ರೀಯ ಸಂಸ್ಥೆ ಫಿಬಾ 6.25 ಮೀಟರ್ ಗೆರೆಯಾಚೆಯಿಂದ ಹಾಕಿದ್ದಕ್ಕೆ ಮೂರು ಅಂಕ ಕೊಟ್ಟಿತು. 2010ರಲ್ಲಿ ಆ ಗೆರೆ 6.75 ಮೀಟರಿಗೆ ಸರಿಯಿತು. ಹೀಗೆ ಒಂದೊಂದು ನಿಯಮ ಬದಲಾದಾಗಲೂ ಒಂದು ಕೌಶಲದ ಬೆಲೆ ಏರಿ ಇನ್ನೊಂದರದ್ದು ಇಳಿದಿದೆ.

ಈಗ ನಮ್ಮ ಪಶ್ಚಿಮ ಬೆಂಗಳೂರಿಗೆ ಬರೋಣ. ರಾಜಾಜಿನಗರದಂಥ ಬಡಾವಣೆಗಳನ್ನು ಕಟ್ಟಿದ್ದು 1945ರಲ್ಲಿ ಹುಟ್ಟಿದ ಸಿಐಟಿಬಿ. 1976ರಲ್ಲಿ ಅದರ ಕೆಲಸ ಬಿಡಿಎಗೆ ಬಂತು. ಕಾರ್ಖಾನೆ ನೌಕರರೂ ಗುಮಾಸ್ತರೂ ನೆಲೆಸಿದ ಈ ಭಾಗದಲ್ಲಿ ಆಟ ಎಂದರೆ ಬರೀ ಹವ್ಯಾಸವಲ್ಲ, ಕ್ರೀಡಾ ಕೋಟಾದ ಸೀಟು, ಆಮೇಲೆ ರೈಲ್ವೆಯಲ್ಲೋ ಬ್ಯಾಂಕಿನಲ್ಲೋ ನೌಕರಿ. ಕೆಂಗೇರಿಗೆ ಹೋಗುವ ಮೈಸೂರು ರಸ್ತೆಯಲ್ಲಿ, ಜ್ಞಾನಭಾರತಿ ಆವರಣದಲ್ಲಿ, ಭಾರತೀಯ ಕ್ರೀಡಾ ಪ್ರಾಧಿಕಾರದ ದಕ್ಷಿಣ ಕೇಂದ್ರವಿದೆ. ಬೆಂಗಳೂರಿನಲ್ಲಿ ಪ್ರಧಾನ ಕಚೇರಿ ಇದ್ದ ವಿಜಯಾ ಬ್ಯಾಂಕಿಗೆ ತನ್ನದೇ ಬ್ಯಾಸ್ಕೆಟ್‌ಬಾಲ್ ತಂಡವಿತ್ತು. 2019ರ ಏಪ್ರಿಲ್ 1ರಂದು ಆ ಬ್ಯಾಂಕೇ ಬ್ಯಾಂಕ್ ಆಫ್ ಬರೋಡಾದಲ್ಲಿ ಸೇರಿಹೋಯಿತು. ಆಯ್ಕೆಯ ಬಾಗಿಲು ಕಿರಿದಾದಷ್ಟೂ ಮಕ್ಕಳನ್ನು ಬೇಗ ಬೇಗ ಒಂದು ಸ್ಥಾನಕ್ಕೆ ಕಟ್ಟಿಹಾಕುವ ಆತುರ ಹೆಚ್ಚುತ್ತದೆ. ಮುಂದಿನ ತಿಂಗಳ ಪಂದ್ಯ ಗೆಲ್ಲಬೇಕು, ಅದಕ್ಕೆ ಉದ್ದ ಇದ್ದವನು ಸೆಂಟರ್, ಗಿಡ್ಡ ಇದ್ದವನು ಗಾರ್ಡ್. ಆದರೆ ಹನ್ನೆರಡಕ್ಕೆ ಎಲ್ಲರಿಗಿಂತ ಉದ್ದ ಇದ್ದವನು ಹದಿನೆಂಟಕ್ಕೂ ಹಾಗೇ ಇರುತ್ತಾನೆ ಅಂತೇನಿಲ್ಲ. ಅಷ್ಟರಲ್ಲಿ ಜೊತೆಯವರು ಅವನ ಸಮಕ್ಕೆ ಬೆಳೆದಿದ್ದರೆ, ಡ್ರಿಬ್ಲಿಂಗ್ ಕಲಿಯದ ಅವನಿಗೆ ಯಾವ ಸ್ಥಾನವೂ ಇಲ್ಲ.

ಎತ್ತರ ಉಳಿದರೂ ಸಾಲದು. 2015ರ ಜೂನ್‌ನಲ್ಲಿ ಪಂಜಾಬಿನ ಬಲ್ಲೋ ಕೆ ಹಳ್ಳಿಯ ಸತ್ನಾಮ್ ಸಿಂಗ್ ಅವರನ್ನು ಡಲ್ಲಾಸ್ ಮ್ಯಾವೆರಿಕ್ಸ್ ಆರಿಸಿಕೊಂಡಿತು. ಏಳು ಅಡಿ ಎರಡು ಅಂಗುಲದ ಸೆಂಟರ್. ಎನ್‌ಬಿಎ ಡ್ರಾಫ್ಟ್‌ನಲ್ಲಿ ಆಯ್ಕೆಯಾದ ಮೊದಲ ಭಾರತೀಯ. ಅದೇ ತಿಂಗಳು ಎನ್‌ಬಿಎ ಕಿರೀಟ ಗೆದ್ದದ್ದು ಸ್ಟೀಫನ್ ಕರಿಯ ಗೋಲ್ಡನ್ ಸ್ಟೇಟ್ ವಾರಿಯರ್ಸ್, ದೂರದ ಹೊಡೆತಗಳಿಗೇ ಹೆಸರಾದ ತಂಡ. ಬರೀ ರಿಂಗಿನ ಕೆಳಗೆ ಆಡುವ ಸೆಂಟರ್‌ಗಳಿಗೆ ಬೇಡಿಕೆ ಇಳಿಯುತ್ತಿದ್ದ ಕಾಲ ಅದು. ಸತ್ನಾಮ್ ಎನ್‌ಬಿಎ ಲೀಗಿನ ಒಂದು ಪಂದ್ಯವನ್ನೂ ಆಡಲಾಗಲಿಲ್ಲ. ಕಾರಣ ಅದೊಂದೇ ಎಂದು ನಾವು ಹೇಳುವುದಿಲ್ಲ. ಆದರೆ ಗಾಳಿ ಅವರ ಕಡೆಗೆ ಬೀಸುತ್ತಿರಲಿಲ್ಲ.

ಹಾಗಾದರೆ ಹಳತಾಗದ ಕೌಶಲ ಯಾವುದು? ಇಷ್ಟೆಲ್ಲ ಬದಲಾದರೂ ರಿಂಗ್ ಇವತ್ತಿಗೂ ನೈಸ್ಮಿತ್ ಕಟ್ಟಿದ ಹತ್ತು ಅಡಿಯಲ್ಲೇ ಇದೆ. ಪಾಸ್, ಎಸೆತ, ಚೆಂಡಿನ ಹಿಡಿತ ಯಾವ ಕಾಲದಲ್ಲೂ ವ್ಯರ್ಥವಾಗಿಲ್ಲ. ಫ್ರೀ ಥ್ರೋ ಹಾಕಲು ಎತ್ತರವೂ ಬೇಕಿಲ್ಲ. 2017ರ ಜುಲೈನಲ್ಲಿ ಬೆಂಗಳೂರಿನ ಶ್ರೀ ಕಂಠೀರವ ಒಳಾಂಗಣ ಕ್ರೀಡಾಂಗಣದಲ್ಲಿ ಭಾರತದ ಮಹಿಳೆಯರು ಏಷ್ಯಾ ಕಪ್ ಬಿ ವಿಭಾಗದ ಫೈನಲ್‌ನಲ್ಲಿ ಕಜಕಸ್ತಾನವನ್ನು ಸೋಲಿಸಿದ್ದು 75-73ರಿಂದ. ಎರಡು ಅಂಕ, ಅಂದರೆ ಎರಡು ಫ್ರೀ ಥ್ರೋ. ಆ ಗೆಲುವಿನಿಂದಲೇ ತಂಡ ಎ ವಿಭಾಗಕ್ಕೆ ಏರಿತು.

ಬಜರ್‌ಬೀಟರ್‌ನ ಪಳಗಿದ ಆಟಗಾರರೂ ಇದನ್ನೇ ಮಾಡುತ್ತಾರೆ. ಎತ್ತರದ ಹುಡುಗ ಇನ್ನೂ ಚಿಕ್ಕವನಿರುವಾಗಲೇ ಅವನಿಗೆ ಕಷ್ಟವಾದ ಚೆಂಡಿನ ಹಿಡಿತ, ಪಾಸ್ ಕಲಿಸಿಬಿಡುತ್ತಾರೆ. ಅದಕ್ಕಾಗಿ ಅವನನ್ನು ಗಾರ್ಡ್ ಜಾಗದಲ್ಲಿ ಆಡಿಸಬೇಕು, ಒಂದಷ್ಟು ಪಂದ್ಯ ಸೋಲಲೂಬೇಕು. ಅಲ್ಲಿ ಸೋತರೆ ಹೋಗುವುದು ಅಂಕಪಟ್ಟಿಯಲ್ಲಿ ಒಂದೆರಡು ಸ್ಥಾನ. ಬಸವೇಶ್ವರನಗರದ ಶಾಲೆಯೊಂದರ ಮೇಷ್ಟ್ರು ಸೋತರೆ ಆಡಳಿತ ಮಂಡಳಿಗೂ ಪೋಷಕರಿಗೂ ಉತ್ತರ ಹೇಳಬೇಕು. ಆ ಸೋಲನ್ನು ತಾಳಿಕೊಳ್ಳುವ ಕೆಲಸ ಮೇಷ್ಟ್ರ ಒಬ್ಬರದ್ದೇ ಆಗಬಾರದು. ಹದಿನಾಲ್ಕರ ತನಕವಾದರೂ ಎಲ್ಲ ಮಕ್ಕಳಿಗೂ ಎಲ್ಲವನ್ನೂ ಕಲಿಸಲಿ, ಟ್ರೋಫಿ ಒಂದೆರಡು ವರ್ಷ ತಡವಾಗಿ ಬರಲಿ.